ಪಿಯು ಸ್ನೈಪರ್ ಕಟ್ಟಲು ಹೊರಟವರಿಗೆ: ಸ್ಕೋಪ್ ಮೊದಲು ಕೊಳ್ಳಬೇಡಿ

ಅಮೆರಿಕದ ಸಂಗ್ರಾಹಕರೊಬ್ಬರು ಒಂದೂವರೆ ವರ್ಷ ಬಿಡಿಭಾಗ ಹುಡುಕಿ ಹುಡುಕಿ ಜೋಡಿಸಿದ ರೈಫಲ್ ಇದು. ಎರಡನೇ ಮಹಾಯುದ್ಧದ ಸೋವಿಯತ್ ಸ್ನೈಪರ್‌ಗಳು ಹಿಡಿದಿದ್ದ ಮೋಸಿನ್-ನಾಗಾಂಟ್ 91/30, ಮೇಲೆ ಪಿಯು ಎಂಬ 3.5 ಪಟ್ಟಿನ ಸ್ಕೋಪ್ (ಗುರಿ ನೋಡುವ ದುರ್ಬೀನು), ಎಲ್ಲವೂ ಆ ಕಾಲದ್ದೇ ಆಗಿರಬೇಕು ಎಂಬುದು ಅವರ ಆಸೆ. ಸಿದ್ಧವಾದ ಮೇಲೆ ಬೆಲೆ ಕಟ್ಟಿಸಲು ತಂದರು. ಸ್ಟಾಕ್, ಅಂದರೆ ಮರದ ಮೈ, ಬಿಚ್ಚುವ ಮೊದಲೇ ಉತ್ತರ ಸಿಕ್ಕಿಬಿಟ್ಟಿತು. ನಳಿಗೆಯ ಬುಡದಲ್ಲಿ ಇಝೆವ್‌ಸ್ಕ್ ಕಾರ್ಖಾನೆಯ ತ್ರಿಕೋನದೊಳಗಿನ ಬಾಣ, ಅದರ ಕೆಳಗೆ 1938. ಪಿಯು ಸ್ಕೋಪ್ 91/30ರ ಮೇಲೆ ಕೂತದ್ದು 1942ರಿಂದ.

ಮೋಸಿನ್ ಎಂಬ ಹೆಸರಿನಲ್ಲೇ ಅರ್ಧ ಎಚ್ಚರಿಕೆ ಇದೆಯಲ್ಲ ಎಂದು ಕನ್ನಡದವರು ನಗಬಹುದು. ಇಲ್ಲಿ ಮೋಸ ಮಾಡಿದ್ದು ರೈಫಲ್ ಅಲ್ಲ, ಕೆಲಸ ಶುರುಮಾಡಿದ ಕ್ರಮ. ಕಣ್ಣಿಗೆ ಬಿದ್ದ ಅಸಲಿ 1944ರ ಸ್ಕೋಪನ್ನು ಮೊದಲು ಕೊಂಡರು. ಆಮೇಲೆ ಅದಕ್ಕೊಂದು ರೈಫಲ್ ಹುಡುಕಿದರು. ಉಂಗುರ ಕೊಂಡು ಆಮೇಲೆ ಬೆರಳು ಹುಡುಕಿದ ಹಾಗೆ.

ಇದು ಯಾಕೆ ಕೂಡಿಬರುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಯು ಸ್ಕೋಪ್ ಮೂಲತಃ ಎಸ್‌ವಿಟಿ-40 ಎಂಬ ಅರೆ-ಸ್ವಯಂಚಾಲಿತ ರೈಫಲ್‌ಗಾಗಿ ಬಂದದ್ದು. 1930ರ ದಶಕದ ಮೋಸಿನ್ ಸ್ನೈಪರ್ ರೈಫಲ್‌ಗಳಲ್ಲಿ ಇದ್ದದ್ದು ಪಿಇ ಎಂಬ, 4 ಪಟ್ಟಿನ ದೊಡ್ಡ ಸ್ಕೋಪ್. ಯುದ್ಧದ ಒತ್ತಡದಲ್ಲಿ ಚಿಕ್ಕದೂ ಅಗ್ಗವೂ ಆದ ಪಿಯು ಸ್ಕೋಪನ್ನು ಕೊಚೆಟೋವ್ ವಿನ್ಯಾಸದ ಮೌಂಟ್ (ಸ್ಕೋಪನ್ನು ಹಿಡಿದಿಡುವ ಲೋಹದ ಭಾಗ) ಮೂಲಕ, ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ ಮೋಸಿನ್‌ಗೆ ಹೊಂದಿಸಿದರು. ಇಝೆವ್‌ಸ್ಕ್ 1942ರಲ್ಲಿ ಶುರುಮಾಡಿತು, ತೂಲಾ ಕಾರ್ಖಾನೆ 1943-44ರಲ್ಲಿ ಮಾಡಿತು. ಈ ಮೌಂಟ್ ರಿಸೀವರಿನ, ಅಂದರೆ ನಳಿಗೆಯ ಹಿಂದೆ ಬೋಲ್ಟ್ ಓಡಾಡುವ ಉಕ್ಕಿನ ಮೈಯ, ಎಡಗೋಡೆಗೆ ಎರಡು ತಿರುಪು, ಎರಡು ಪಿನ್ನುಗಳಿಂದ ಕೂರುತ್ತದೆ. ಹಾಗಾಗಿ ಆ ಗೋಡೆ ಎತ್ತರ ಇರಲೇಬೇಕು. ಸಾಮಾನ್ಯ ಸಿಪಾಯಿಯ ರೈಫಲ್‌ಗೆ ಅಷ್ಟು ಎತ್ತರದ ಗೋಡೆ ಬೇಕಿರಲಿಲ್ಲ. 1941-42ರ ಸುಮಾರಿಗೆ ಯಂತ್ರದ ಸಮಯ ಉಳಿಸಲು ಅದನ್ನು ತಗ್ಗಿಸಿಬಿಟ್ಟರು. ಸ್ನೈಪರ್‌ಗೆಂದು ಮಾಡಿದ ರಿಸೀವರುಗಳಲ್ಲಿ ಮಾತ್ರ ಎತ್ತರದ ಗೋಡೆ ಉಳಿಯಿತು.

ಕಗ್ಗಂಟು ಇರುವುದೇ ಇಲ್ಲಿ. ಸಾಮಾನ್ಯ 91/30 ಒಂದನ್ನು ಪಿಯು ಮಾಡಲು ಹೊರಟರೆ, 1930ರ ದಶಕದ್ದು ತೆಗೆದುಕೊಂಡರೆ ಗೋಡೆ ಸರಿ, ಇಸವಿ ತಪ್ಪು. 1943ರದ್ದು ತೆಗೆದುಕೊಂಡರೆ ಇಸವಿ ಸರಿ, ಗೋಡೆ ತಪ್ಪು. ಎರಡೂ ಕೂಡಿಬರುವುದು ನಿಜವಾಗಿ ಸ್ನೈಪರ್ ಆಗಿದ್ದ ರಿಸೀವರಿನಲ್ಲಿ. ನಡುವಿನ ಬದಲಾವಣೆಯ ತಿಂಗಳುಗಳ ರೈಫಲ್‌ಗಳು ಗೊಂದಲಕ್ಕೆ ಎಡೆಮಾಡಬಹುದು, ಆದರೆ ಅಂಥದ್ದು ಅಂಗಡಿಯ ಮೂಲೆಯಲ್ಲಿ ಬಿದ್ದಿರುವುದಿಲ್ಲ. ಈ ಸಂಗ್ರಾಹಕರಿಗೆ ಮಾರಾಟಗಾರ ಹೇಳಿದ್ದು "ಎತ್ತರದ ಗೋಡೆ ಇದ್ದರೆ ಸಾಕು" ಎಂದು. ಅರ್ಧ ಸತ್ಯ. ಅದೇ ದುಬಾರಿಯಾಯಿತು.

ಆಮೇಲಿನ ತಪ್ಪುಗಳೆಲ್ಲ ಈ ಒಂದರ ಮಕ್ಕಳು.

ರಿಸೀವರಿಗೆ ತೂತು ಹೊಡೆಸಿದ್ದು ಮೊದಲನೆಯದು. 1938ರ ದುಂಡು ರಿಸೀವರು, ಸಂಖ್ಯೆಗಳೆಲ್ಲ ಹೊಂದುವ, ಯಾರೂ ಮುಟ್ಟದ ರೈಫಲ್. ಹಾಗೇ ಬಿಟ್ಟಿದ್ದರೆ ತನ್ನಷ್ಟಕ್ಕೆ ಬೆಲೆಬಾಳುತ್ತಿತ್ತು. ದುಂಡು ಮೈಯ ಗಟ್ಟಿ ಉಕ್ಕಿನ ಮೇಲೆ ಡ್ರಿಲ್ಲಿನ ಮೊನೆ ಜಾರಿತು, ಮುಂದಿನ ತೂತಿಗೂ ಹಿಂದಿನದಕ್ಕೂ ಎತ್ತರದಲ್ಲಿ ವ್ಯತ್ಯಾಸ ಬಂತು. ಕೂದಲೆಳೆಯಷ್ಟು ತಾನೇ ಎನ್ನಬೇಡಿ. ಐದು ಸೆಂ.ಮೀ. ಅಂತರದ ಎರಡು ತಿರುಪುಗಳಲ್ಲಿ ಒಂದರ ಎತ್ತರ ಕಾಲು ಮಿ.ಮೀ. ಮೇಲೆ ಹೋದರೆ, ನೂರು ಮೀಟರು ದೂರದಲ್ಲಿ ಅದು ಅರ್ಧ ಮೀಟರು. ಕೊಚೆಟೋವ್ ಮೌಂಟಿನ ಮುಂಭಾಗ ಒಂದು ಗುಂಡುಕೀಲಿನ ಮೇಲೆ ತಿರುಗುತ್ತದೆ. ಹಿಂಭಾಗದಲ್ಲಿ ಮೇಲೊಂದು ಕೆಳಗೊಂದು ತಿರುಪು ಎದುರುಬದುರು ಒತ್ತಿಕೊಂಡು ಏರುತಗ್ಗನ್ನು ನಿರ್ಧರಿಸುತ್ತವೆ. ಆ ತಿರುಪುಗಳಿಗೆ ಸ್ವಲ್ಪ ತಪ್ಪನ್ನು ಸರಿಪಡಿಸುವ ಶಕ್ತಿ ಇದೆ, ಎಲ್ಲವನ್ನೂ ಅಲ್ಲ. ಎಡಬಲದ ಓರೆಗಂತೂ ಉಂಗುರದೊಳಗೆ ತೆಳುತಗಡು ಇಡುವುದೇ ದಾರಿ.

ಪಿಯು ಸ್ಕೋಪಿನ ಸ್ವಭಾವ ಗೊತ್ತಿಲ್ಲದವರು ಇಲ್ಲೇ ಎಡವುತ್ತಾರೆ. ಇಂದಿನ ಸ್ಕೋಪ್‌ಗಳಲ್ಲಿ ಡ್ರಮ್ ತಿರುಗಿಸಿದರೂ ಗುರಿಗೆರೆ ನಡುವೆಯೇ ನಿಂತಂತೆ ಕಾಣುತ್ತದೆ. ಪಿಯು ಹಾಗಲ್ಲ. ತಿರುಗಿಸಿದಂತೆ ಗುರಿಗೆರೆಯ ಚೂಪು ಕಂಬವೇ ಬಿಲ್ಲೆಯೊಳಗೆ ಸರಿಯುತ್ತದೆ. ಈ ರೈಫಲ್ಲಿನಲ್ಲಿ ಕಂಬ ಕೆಳಗಿನ ಎಡಮೂಲೆಗೆ ಹೋಗಿ ಕೂತಿತ್ತು, ಮೇಲಿನ ಡ್ರಮ್ಮಿನ 13ರವರೆಗಿನ ಗೆರೆಗಳು, ಅಂದರೆ 1300 ಮೀಟರಿನವರೆಗಿನವು, ಅರ್ಥ ಕಳೆದುಕೊಂಡಿದ್ದವು. ಸ್ಕೋಪ್ ಕೆಟ್ಟಿದೆ ಎಂದು ಅವರು ಅದನ್ನೇ ಬಿಚ್ಚಿಸಲು ಹೊರಟಿದ್ದರು. ಕೆಟ್ಟಿದ್ದು ಸ್ಕೋಪ್ ಅಲ್ಲ, ತೂತು. ಸರಿಯಾದ ಕ್ರಮ: ಮೊದಲು ಗುರಿಗೆರೆಯನ್ನು ನಡುವಿಗೆ ತನ್ನಿ, ಆಮೇಲೆ ಮೌಂಟನ್ನೇ ಸರಿಸಿ ನಳಿಗೆಯ ಜೊತೆ ಒಂದೇ ಗುರಿಗೆ ನೋಡುವಂತೆ ಮಾಡಿ, ಡ್ರಮ್ ಮುಟ್ಟುವುದು ಕೊನೆಗೆ.

ಎರಡನೆಯದು ಬೋಲ್ಟ್. ನೇರ ಹಿಡಿಯ ಬೋಲ್ಟನ್ನು ಎತ್ತಿದರೆ ಸ್ಕೋಪಿಗೆ ತಾಗುತ್ತದೆ, ಅದಕ್ಕೇ ಸ್ನೈಪರ್‌ಗಳಲ್ಲಿ ಉದ್ದನೆಯ, ಕೆಳಗೆ ಬಾಗಿದ ಹಿಡಿ. ಸಿಕ್ಕಿದ್ದು ನೇರ ಹಿಡಿ ಕತ್ತರಿಸಿ ಬಾಗಿದ ತುಂಡು ಬೆಸೆದ ಬೋಲ್ಟ್. ಬುಡದಲ್ಲಿ ಬೆಸುಗೆಯ ಉಬ್ಬನ್ನು ಅರದಿಂದ ನುಣುಪು ಮಾಡಿ ಕಪ್ಪು ಹಚ್ಚಿದ್ದರು, ಬೆಳಕಿಗೆ ಓರೆ ಹಿಡಿದರೆ ಎರಡು ಕಪ್ಪುಗಳ ಗಡಿ ಕಾಣುತ್ತದೆ. ಮೋಸಿನ್‌ನಲ್ಲಿ ಬೀಗದ ಕಿವಿಗಳು ಬೇರೆಯೇ ಬಿಡಿಭಾಗವಾದ ಬೋಲ್ಟ್ ತಲೆಯಲ್ಲಿರುವುದರಿಂದ ಬೆಸುಗೆಯ ಶಾಖ ಅಲ್ಲಿಗೆ ತಟ್ಟುವುದಿಲ್ಲ, ಅಷ್ಟು ಪುಣ್ಯ. ಆದರೆ ಹಿಂಬದಿಯ ಇಳಿಜಾರು ಮೆತ್ತಗಾದರೆ ಬೋಲ್ಟ್ ಎತ್ತುವಾಗ ಕಚ್ಚತೊಡಗುತ್ತದೆ, ದಿನೇದಿನೇ ಹೆಚ್ಚು.

ಆ ಬೋಲ್ಟಿನ ತಲೆ ಯಾವ ರೈಫಲ್ಲಿನದೋ. 7.62×54 ತೋಟಾದ ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿಗೂ ತೋಟಾ ಕೂರುವ ಜಾಗಕ್ಕೂ ನಡುವಿನ ಬಿಡುವು, ನಿಲ್ಲುವುದು ಅದರ ಅಂಚಿನ ಮೇಲೆ, ಅದನ್ನು ಹಿಡಿಯುವುದು ಬೋಲ್ಟ್ ತಲೆ. ತಲೆ ಬದಲಾದರೆ ಅಳತೆ ಬದಲಾಗುತ್ತದೆ. ಈ ಬಿಡುವನ್ನು ಅಳೆಯುವ ಗೋ, ನೋ-ಗೋ ಗೇಜು ಇಟ್ಟು ನೋಡದೆ ಒಂದು ಗುಂಡೂ ಹಾರಿಸಬಾರದು. ಇವರು ಇಪ್ಪತ್ತು ಹಾರಿಸಿದ್ದರು! ತೋಟಾದ ಬೆನ್ನಿಗೆ ಹೊಡೆಯುವ ಬಡಿಪಿನ್ನು ಮುಂದಕ್ಕೆ ಚಾಚುವುದೂ ಅಳತೆ ಮೀರಿತ್ತು. ಸೈನಿಕರಿಗೆ ಕೊಡುತ್ತಿದ್ದ ಚಪ್ಪಟೆ ಸಲಕರಣೆಯಲ್ಲಿ 75, 95 ಎಂದು ಎರಡು ಕಚ್ಚುಗಳಿವೆ, ಇಂಚಿನ ಸಾವಿರದಲ್ಲಿ. ಪಿನ್ನಿನ ತುದಿ 75ರ ಕಚ್ಚಿಗೆ ತಾಗಬೇಕು, 95ರದ್ದಕ್ಕೆ ತಾಗಬಾರದು. ಪಿನ್ನಿನ ಹಿಂದಿನ ಸೀಳು, ಬೋಲ್ಟಿನ ಹಿಂತುದಿಯ ಭಾಗವಾದ ಕಾಕಿಂಗ್ ಪೀಸಿನ ಗೆರೆಗೆ ಸಾಲಾಗಿ ನಿಲ್ಲಬೇಕು. ಒಂದು ಸುತ್ತು ಹೆಚ್ಚು ತಿರುಗಿಸಿದರೆ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ತೂತು ಬಿದ್ದು ಅನಿಲ ಹಿಂದಕ್ಕೆ, ಅಂದರೆ ಕಣ್ಣಿನ ಕಡೆಗೆ ಬರುತ್ತದೆ.

ಬೋಲ್ಟಿನ ಇನ್ನೊಂದು ಭಾಗದಲ್ಲಿ 02 ಎಂಬ ಮುದ್ರೆ ಇತ್ತು. ಅದು ಹಂಗೇರಿಯದ್ದು, ಅವರೂ ಇದೇ ಮಾದರಿಯ ಸ್ನೈಪರನ್ನು ಎಂ/52 ಹೆಸರಿನಲ್ಲಿ ಮಾಡಿದ್ದಾರೆ, ಭಾಗಗಳು ಕೂರುತ್ತವೆ. ಕೂರುತ್ತದೆ ಎಂಬ ಮಾತ್ರಕ್ಕೆ 1944ರ ಸೋವಿಯತ್ ಆಗುವುದಿಲ್ಲ. ಹಾಗೆಯೇ ಚೌಕದೊಳಗೆ ಎಸ್‌ಎ ಎಂದಿದ್ದರೆ ಫಿನ್‌ಲೆಂಡ್ ಸೈನ್ಯದ ಕೈಯಲ್ಲಿದ್ದದ್ದು. ಅದು ಕಳಪೆಯಲ್ಲ, ಅದರ ಕಥೆ ಬೇರೆ.

ಮರದ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಯುದ್ಧದ ನಂತರ ಸೋವಿಯತ್ ಆರ್ಸೆನಲ್‌ಗಳಲ್ಲಿ (ಸೈನ್ಯದ ಶಸ್ತ್ರಾಗಾರಗಳಲ್ಲಿ) ದುರಸ್ತಿಯಾದ ರೈಫಲ್‌ಗಳ ಸ್ಟಾಕ್ ಕೆಂಪು ಕಿತ್ತಳೆ ಬಣ್ಣಕ್ಕೆ ಹೊಳೆಯುವುದು ಶೆಲ್ಯಾಕ್‌ನಿಂದ. ಶೆಲ್ಯಾಕ್ ಎಂದರೆ ನಮ್ಮ ಅರಗೇ, ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅದೇ ಅರಗಿನ ಕುಲ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಗೋದಾಮಿನ ದಪ್ಪ ಗ್ರೀಸ್ ತೆಗೆಯಲು ಇವರು ಬಟ್ಟೆಗೆ ಸ್ಪಿರಿಟ್ ಹಾಕಿ ಉಜ್ಜಿದರು, ಗ್ರೀಸಿನ ಜೊತೆ ಅರಗೂ ಜಿಗುಟಾಗಿ ಎದ್ದಿತು. ಎದ್ದಮೇಲೆ ಉಪ್ಪುಕಾಗದ ಹಾಕಿ ತಿಕ್ಕಿ ಪಾಲಿಯುರೆಥೇನ್ ಬಳಿದರು. ಸ್ಟಾಕಿನ ಬದಿಯಲ್ಲಿದ್ದ ಮುದ್ರೆಗಳು ಆ ಪುಡಿಯ ಜೊತೆ ಹೋದವು. ಮಿನರಲ್ ಸ್ಪಿರಿಟ್ಸ್ ಎಂದು ಅಲ್ಲಿನ ಅಂಗಡಿಯಲ್ಲಿ ಸಿಗುವುದು ಬೇರೆ ವಸ್ತು, ಪೆಟ್ರೋಲಿಯಂ ಮೂಲದ್ದು, ಅದು ಗ್ರೀಸನ್ನು ಮಾತ್ರ ತೆಗೆಯುತ್ತದೆ. ಹೆಸರು ಒಂದೇ ಥರ ಇರುವುದರಿಂದ ಈ ತಪ್ಪು ಪದೇಪದೇ ಆಗುತ್ತದೆ. ಮೌಂಟಿಗೂ ಬಾಗಿದ ಹಿಡಿಗೂ ಮರವನ್ನು ಕೆತ್ತಿದ ಜಾಗ ನೋಡಿ: ಆರ್ಸೆನಲ್ ಕೆಲಸವಾದರೆ ಕೆತ್ತಿದ ಒಳಮೈಯೂ ಹಳೆಯದಾಗಿ, ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಇಲ್ಲಿ ಉಳಿಯ ಗುರುತಿನ ಹಿಂದೆ ಬಿಳಿಮರ ಕಾಣುತ್ತಿತ್ತು.

ಇಷ್ಟೂ ಅಜ್ಞಾನದ ಲೆಕ್ಕಕ್ಕೆ ಹೋಗುತ್ತಿತ್ತು. ಮುಂದಿನದು ಹೋಗುವುದಿಲ್ಲ. ಅಸಲಿ ಪಿಯುಗಳಲ್ಲಿ ಸ್ಕೋಪಿನ ಸಂಖ್ಯೆಯನ್ನು ನಳಿಗೆಯ ಬುಡದ ಎಡಬದಿಯಲ್ಲಿ ಒತ್ತಿರುತ್ತಾರೆ. ದುರಸ್ತಿಯಲ್ಲಿ ಸ್ಕೋಪ್ ಬದಲಾಗಿದ್ದರೆ ಹಳೆಯ ಸಂಖ್ಯೆಗೆ ಅಡ್ಡಗೆರೆ ಎಳೆದು ಹೊಸದನ್ನು ಪಕ್ಕದಲ್ಲಿ ಹಾಕಿರುತ್ತಾರೆ. ಈ ರೈಫಲ್ಲಿನ ಎಡಬದಿಯಲ್ಲೂ ಆ 1944ರ ಸ್ಕೋಪಿನ ಸಂಖ್ಯೆ ಇತ್ತು! ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಅಂಕಿಯ ಸುತ್ತ ಲೋಹ ಏರಿ ನಿಂತ ಅಂಚು, ಬೆರಳಿಗೆ ತರಚುವಷ್ಟು ಹೊಸದು. ಅಂಕಿಯ ತಳದಲ್ಲಿ ಬಿಳಿಯ ಹೊಳಪು, ಮೇಲೆ ಬಾಟಲಿಯ ನೀಲಿಕಪ್ಪು ಒರೆಸಿದ ಕಲೆ. ಎಂಬತ್ತು ವರ್ಷದ ಮುದ್ರೆಯ ಅಂಚು ಸವೆದಿರುತ್ತದೆ, ಕಪ್ಪು ಒಳಗೂ ಹೊರಗೂ ಒಂದೇ ಆಗಿರುತ್ತದೆ. ತೂತು ಹೊಡೆದ ಕೆಲಸಗಾರನೇ "ಪೂರ್ತಿಯಾಗಲಿ" ಎಂದು ಒತ್ತಿಕೊಟ್ಟನಂತೆ. ಆ ಕ್ಷಣದವರೆಗೆ ಅದು ಪ್ರತಿಕೃತಿ, ಆಮೇಲೆ ಖೋಟಾ ಮಾಲು. ಇದನ್ನು ಮುಂದೆ ಯಾರು ಮಾರಿದರೂ ಕೊಂಡವನಿಗೆ ಟೋಪಿ.

ಹಾಗಾದರೆ ಕಟ್ಟುವುದೇ ಬೇಡವೇ? ಬೇಕಾದರೆ ದಾರಿ ಇದೆ. ಯುದ್ಧದ ನಂತರ ಬಹಳಷ್ಟು ಸ್ನೈಪರ್‌ಗಳ ಮೌಂಟ್ ತೆಗೆದು, ತೂತು ಮುಚ್ಚಿ, ನೇರ ಬೋಲ್ಟ್ ಹಾಕಿ ಸಾಮಾನ್ಯ ರೈಫಲ್ ಮಾಡಿದರು. ಸಂಗ್ರಾಹಕರು ಇವನ್ನು ಎಕ್ಸ್-ಸ್ನೈಪರ್ ಎನ್ನುತ್ತಾರೆ. ಗುರುತು ಹಿಡಿಯುವುದು ಹೀಗೆ: 1942ರಿಂದೀಚಿನ ಇಸವಿ, ಎತ್ತರದ ಎಡಗೋಡೆ, ಸ್ಟಾಕ್ ಬಿಚ್ಚಿದಾಗ ಎಡಬದಿಯಲ್ಲಿ ಮುಚ್ಚಿದ ತೂತುಗಳ ಮಸುಕು ವೃತ್ತ, ನಳಿಗೆಯ ಬುಡದಲ್ಲಿ ಹೊಡೆದುಹಾಕಿದ ಸ್ಕೋಪ್ ಸಂಖ್ಯೆ. ಅಂಥದ್ದು ಸಿಕ್ಕ ಮೇಲೆ ಮೌಂಟ್, ಆಮೇಲೆ ಬಾಗಿದ ಬೋಲ್ಟ್, ಆಮೇಲೆ ಸ್ಟಾಕ್, ಎಲ್ಲಕ್ಕಿಂತ ಕೊನೆಗೆ ಆ ಇಸವಿಗೆ ಹೊಂದುವ ಸ್ಕೋಪ್. ಮುಚ್ಚಿದ ತೂತನ್ನು ಮತ್ತೆ ತೆರೆಯುವುದು ಮಿಲ್ಲಿಂಗ್ ಯಂತ್ರ ಇರುವ, ಮೋಸಿನ್ ಗೊತ್ತಿರುವ ಗನ್‌ಸ್ಮಿತ್ ಕೆಲಸ, ಕೈಡ್ರಿಲ್ಲಿನದಲ್ಲ. ಪೆಟ್ಟಿಗೆಯೊಳಗೆ ಕರ್ಣರೇಖೆ ಎಳೆದ ಮುದ್ರೆ ಇದ್ದರೆ ಗಾಬರಿ ಬೇಡ, ಅದು ಆರ್ಸೆನಲ್ ದುರಸ್ತಿಯ ಗುರುತು.

"ಅಜ್ಜ ಕೊರಿಯಾ ಯುದ್ಧದಿಂದ ತಂದದ್ದು" ಎಂಬ ಕಥೆಗೆ ದುಡ್ಡು ಕೊಡಬೇಡಿ, ಕಾಗದಕ್ಕೆ ಕೊಡಿ. ಕಥೆ ನಿಜವೆನಿಸಲು ಆಮದುದಾರನ ಸಣ್ಣಕ್ಷರದ ಗುರುತು ಉಜ್ಜಿ ತೆಗೆದಿದ್ದರೆ, ಆ ಜಾಗ ನಳಿಗೆಯ ಮೇಲೆ ತಗ್ಗಾಗಿ ಬೆರಳಿಗೆ ಸಿಗುತ್ತದೆ. ಸಾಮಾನ್ಯ 91/30 ಒಂದು ಕಾಲಕ್ಕೆ ನೂರು ಡಾಲರಿನ ಆಸುಪಾಸಿಗೆ ಸಿಗುತ್ತಿತ್ತು. ಈಗ ರಷ್ಯಾದಿಂದ ಆಮದು ನಿಂತು ಬೆಲೆ ಏರಿದೆ, ಕಥೆಗಳೂ ಏರಿವೆ.

ಅಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಹೊಂದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ, ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಊರಿಗೆ ತರುವ ಯೋಚನೆಯನ್ನಂತೂ ಬಿಟ್ಟುಬಿಡಿ, ತೋಟದ ಕೋವಿಯ ಲೆಕ್ಕವೇ ಬೇರೆ, ಇದರದ್ದೇ ಬೇರೆ.

ಅಂಚೆಯಲ್ಲಿ ಕೊಳ್ಳುವವರಿಗೆ ಬಹಳ ಮಾರಾಟಗಾರರು ನೋಡಿ ಹಿಂತಿರುಗಿಸಲು ಮೂರು ದಿನ ಕೊಡುತ್ತಾರೆ. ಮೊದಲ ದಿನವೇ ಎರಡು ಸ್ಕ್ರೂ ಬಿಚ್ಚಿ ನಳಿಗೆಯನ್ನು ಸ್ಟಾಕಿನಿಂದ ಎತ್ತಿ, ಎಡಗೋಡೆಯ, ಮುದ್ರೆಗಳ, ಬೋಲ್ಟಿನ ಬುಡದ ಫೋಟೊ ತೆಗೆಯಿರಿ. ಈ ಸಂಗ್ರಾಹಕರು ರೈಫಲ್ಲನ್ನು ಗೋಡೆಗೆ ತೂಗುಹಾಕಿ ನಾಲ್ಕನೇ ದಿನ ಅದರ ಫೋಟೊವನ್ನು ಜಾಲದಲ್ಲಿ ಹಾಕಿದ್ದರು. ಈಗ ಸ್ಕೋಪನ್ನು ಬಿಡಿಸಿ ಬೇರೆ ಮಾರಿದ್ದಾರೆ, ಅದು ಅಸಲಿ, ಬೆಲೆ ಬಂತು. ಒತ್ತಿಸಿದ ಸಂಖ್ಯೆಗೆ ಅಡ್ಡಗೆರೆ ಎಳೆಸಿದ್ದಾರೆ. ಎರಡು ತೂತಿನ 1938 ಅವರ ಬಳಿಯೇ ಇದೆ.