ಸ್ಟೀರಿಂಗ್‌ನಲ್ಲಿ ಟಂಗ್, ಬಾನೆಟ್‌ನಲ್ಲಿ ಕೀಂಯ್: ಯಾರ ಹತ್ತಿರ ತೋರಿಸಬೇಕು?

ನನ್ನದು ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಳೇ ಡೀಸೆಲ್ ಕಾರು. ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ಇಕ್ಕಟ್ಟಿನಲ್ಲಿ ನಿಲ್ಲಿಸಲು ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಎಡಗಡೆ ‘ಟಂಗ್’ ಅನ್ನುತ್ತಿತ್ತು. ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಕೀಂಯ್’. ಮೊಬೈಲಿಗೆ ಜೋಡಿಸುವ ಸ್ಕ್ಯಾನರ್, ಕಂಪನಿ ಸರ್ವೀಸ್ ಸೆಂಟರ್, ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜ್, ಮೂರನ್ನೂ ನೋಡಿಬಿಟ್ಟೆ.

ಸ್ಕ್ಯಾನರ್ ವಿಷಯ ಬೇಗ ಮುಗಿಯುತ್ತದೆ. ಅದು ಓದುವುದು ಸೆನ್ಸರ್‌ಗಳ ದೂರನ್ನು. ಚೆಕ್ ಎಂಜಿನ್ ದೀಪ ಹತ್ತಿದ್ದರೆ, ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಸವೆದ ಬೇರಿಂಗ್‌ಗೆ ಸೆನ್ಸರ್ ಎಲ್ಲಿದೆ? ಎರಡು ಸದ್ದಿಗೂ ಒಂದು ದೋಷದ ಕೋಡ್ ಕೂಡ ಬರಲಿಲ್ಲ.

ಸರ್ವೀಸ್ ಸೆಂಟರ್‌ನವರು ಮರ್ಯಾದೆಯಿಂದ ಕೂರಿಸಿ, ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿದರು. ಆದರೆ ಚಕ್ರ ನೇತಾಡುವಾಗ ಸ್ಪ್ರಿಂಗ್ ಮೇಲೆ ಕಾರಿನ ಭಾರವೇ ಇರುವುದಿಲ್ಲ, ಸದ್ದು ಬರುವುದಾದರೂ ಹೇಗೆ? ‘ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕು ಸರ್’ ಎಂದು ದೊಡ್ಡ ಎಸ್ಟಿಮೇಟ್ ಕೈಗಿಟ್ಟರು. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಭಾಗ ಅದು. ನನ್ನ ಜೊತೆ ಕೂತು ಒಂದು ಸುತ್ತು ಬಂದವರಿಲ್ಲ. ಈ ಒಂದು ಕಾರಣಕ್ಕೇ ಅವರು ನನ್ನ ಲೆಕ್ಕದಲ್ಲಿ ಹಿಂದೆ ಬಿದ್ದರು.

ಗ್ಯಾರೇಜಿನ ಮೇಸ್ತ್ರಿ ಮೊದಲು ಕೇಳಿದ್ದೇ ‘ನಿಂತಾಗ ಬರುತ್ತಾ, ಓಡುವಾಗ ಬರುತ್ತಾ?’ ಅಂತ. ಅರ್ಧ ಉತ್ತರ ಆ ಪ್ರಶ್ನೆಯಲ್ಲೇ ಇದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗಾಡಿ ಓಡಿಸುವಾಗ ಚಕ್ರದ ವೇಗಕ್ಕೆ ತಕ್ಕಂತೆ ‘ಕಟಕಟ’ ಬಂದರೆ ಚಕ್ರ ತಿರುಗಿಸುವ ಆಕ್ಸಲ್ಲಿನ ಕೀಲು, ಅಂದರೆ ಸಿವಿ ಜಾಯಿಂಟ್. ನೇರ ಹೋಗುವಾಗಲೂ ಹಳ್ಳದಿಣ್ಣೆಯಲ್ಲಿ ‘ಟಕಟಕ’ ಅಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡ್, ಬಾಲ್ ಜಾಯಿಂಟ್ ಅಥವಾ ರ‍್ಯಾಕ್. ಕೊನೆವರೆಗೆ ತಿರುಗಿಸಿದಾಗ ನರಳಿದರೆ ಪವರ್ ಸ್ಟೀರಿಂಗ್ ಆಯಿಲ್ ಮಟ್ಟ ನೋಡಬೇಕು, ಆಮೇಲೆ ಪಂಪ್. ನನ್ನದು ನಿಂತಲ್ಲೇ ಬರುವ ಸದ್ದು.

‘ಸಾರ್, ನಿಧಾನಕ್ಕೆ ತಿರುಗಿಸ್ತಾ ಇರಿ, ನಾನು ಹೇಳೋವರೆಗೂ ನಿಲ್ಲಿಸ್ಬೇಡಿ’ ಎಂದು ಎಡ ಮುಂದಿನ ಸ್ಪ್ರಿಂಗ್‌ನ ಹೊರಮೈಗೆ ಅಂಗೈ ಒತ್ತಿದರು, ಬೆರಳು ಸುತ್ತುಗಳ ನಡುವೆ ಸಿಗದ ಹಾಗೆ. ಆಮೇಲೆ ನನ್ನ ಕೈಯನ್ನೂ ಇಡಿಸಿದರು. ಸ್ಪ್ರಿಂಗ್ ಸ್ವಲ್ಪ ಹೊತ್ತು ಬಿಗಿಯಾಗಿ ತಿರುಚಿಕೊಂಡು, ತಟ್ಟನೆ ಜಾರಿ ಕೂರುತ್ತಿತ್ತು. ಆ ಜಾರುವ ಗಳಿಗೆಗೆ ಸರಿಯಾಗಿ ‘ಟಂಗ್’. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಭಾಗವೇ ಸ್ಟ್ರಟ್; ಅದು ಸ್ಟೀರಿಂಗ್ ಜೊತೆ ಸಲೀಸಾಗಿ ತಿರುಗಲೆಂದು ಮೇಲ್ತುದಿಯ ಮೌಂಟಿನಲ್ಲಿರುವ ಬೇರಿಂಗ್ ಹಿಡಿದುಕೊಂಡಿತ್ತು. ರ‍್ಯಾಕಿಗೂ ಇದಕ್ಕೂ ಸಂಬಂಧವೇ ಇಲ್ಲ.

‘ಕೀಂಯ್’ ಸದ್ದಿಗೆ ಎಂಜಿನ್ನಿನ ಓಡುತ್ತಿರುವ ಬೆಲ್ಟಿನ ಮೇಲೆ ದೂರದಿಂದ ಒಂದು ಚೂರು ನೀರು ಚಿಮುಕಿಸಿದರು. ಸದ್ದು ನಿಂತು ಮತ್ತೆ ಶುರುವಾದರೆ ಬೆಲ್ಟಿನ ಮೇಲ್ಮೈ ಹಾಳಾಗಿದೆ ಅಥವಾ ಪುಲ್ಲಿ ಸಾಲು ತಪ್ಪಿದೆ, ಜೋರಾದರೆ ಬೆಲ್ಟ್ ಸಡಿಲ. ನಮ್ಮದರಲ್ಲಿ ಏನೂ ಬದಲಾಗಲಿಲ್ಲ, ಅಂದರೆ ಪುಲ್ಲಿಯ ಬೇರಿಂಗ್ ಮೇಲೆ ಅನುಮಾನ. ಎಂಜಿನ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ಬೆಲ್ಟನ್ನು ದಾರಿ ತಪ್ಪದಂತೆ ನಡೆಸುವ ಐಡ್ಲರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ ಗರಗರ. ಎರಡೂ ಕೆಲಸ ಸೇರಿಸಿದರೂ ಬಿಲ್ಲು ಆ ರ‍್ಯಾಕ್ ಎಸ್ಟಿಮೇಟಿನ ಹತ್ತಿರಕ್ಕೂ ಬರಲಿಲ್ಲ.

ಹಾಗಂತ ಎಲ್ಲದಕ್ಕೂ ಗ್ಯಾರೇಜ್ ಎನ್ನಲಾರೆ. ವಾರಂಟಿ ಇದ್ದರೆ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ದೀಪ ಹತ್ತಿದರೆ, ಏರ್‌ಬ್ಯಾಗ್ ತಂಟೆಯಿದ್ದರೆ ಕಂಪನಿಗೇ ಹೋಗಿ. ಆಯಿಲ್ ದೀಪದ ಜೊತೆ ಎಂಜಿನ್ ಒಳಗಿಂದ ಕುಟ್ಟುವ ಸದ್ದು ಬಂದರಂತೂ ಮಂಡ್ಯದ ಬಳಿ ಹೆದ್ದಾರಿಯಲ್ಲಿದ್ದರೂ ಬದಿಗೆ ನಿಲ್ಲಿಸಿ, ಆಫ್ ಮಾಡಿ, ಟೋ ಗಾಡಿ ಕರೆಸಿ. ಇನ್ನುಳಿದ ಸದ್ದುಗಳಿಗೆ ನಾನು ಹೋಗುವುದು ಬನ್ನಿಮಂಟಪಕ್ಕೇ. ಒಂದು ಮಾತ್ರ, ಸ್ಟ್ರಟ್ ಬಿಚ್ಚಿಸಿದರೆ ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಟೈರ್ ಒಂದೇ ಪಕ್ಕ ಸವೆಯಬಹುದು.