ಸಂಘದ ಹೊಲಿಗೆ ಮಷೀನು: ಹತ್ತಾರು ಕೈ ಬಳಸಿದ ಮೇಲೂ ನಿಲ್ಲೋದು ಯಾವುದು?

ತೀರ್ಥಹಳ್ಳಿ ಕಡೆಯ ನಮ್ಮ ಸ್ತ್ರೀಶಕ್ತಿ ಸಂಘದ ಹೊಲಿಗೆ ಕೇಂದ್ರದಲ್ಲಿ ಕಾಲಲ್ಲಿ ತುಳಿಯುವ ಕರಿ ಉಷಾ ಮಷೀನು ನಾಲ್ಕಿವೆ, ಕರೆಂಟಿನ ಜೂಕಿ ಡಿಡಿಎಲ್ 8700 ಒಂದಿದೆ. ಮನೆಯಲ್ಲಿ ಒಬ್ಬರೇ ಬಳಸುವ ಮಷೀನಿಗೂ ಇವಕ್ಕೂ ಅಜಗಜಾಂತರ. ಬೆಳಿಗ್ಗೆ ಬ್ಲೌಸ್ ಹೊಲಿದವರು ಎದ್ದರೆ ಮಧ್ಯಾಹ್ನ ಬ್ಯಾಗ್ ಹೊಲಿಯುವವರು ಕೂರುತ್ತಾರೆ. ಬಟ್ಟೆ ಬೇರೆ, ನೂಲು ಬೇರೆ, ಕೈಯೂ ಬೇರೆ. ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿದ್ದೇನೆ, ಇಂಥ ಜಾಗಕ್ಕೆ ಕರಿ ಮಷೀನೇ ಸರಿ. ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸೋಕೆ ಒಂದು ಸ್ಕ್ರೂಡ್ರೈವರ್ ಸಾಕು.

ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ಮೇಲಿನ ಪ್ಲೇಟ್ ಎರಡು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಕ್ಲೀನ್ ಮಾಡದೆ ಬಿಟ್ಟ ಮಷೀನಿನಲ್ಲಿ ಹಲ್ಲಿನ ಸಾಲುಗಳ ನಡುವೆ ಜುಂಗು ಎಣ್ಣೆ ಕುಡಿದು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ. ಬ್ರಷ್‌ಗೆ ಅದು ಜಗ್ಗೋದಿಲ್ಲ. ಹಳೆ ಸೂಜಿಯ ಮೊನೆಯಿಂದ ಒಂದು ತುದಿ ಎಬ್ಬಿಸಿ, ಇಡೀ ಪಟ್ಟಿ ಎದ್ದು ಬರುತ್ತದೆ. ಅದು ತುಂಬಿದ್ದರೆ ಬಟ್ಟೆ ಸರಿಯಾಗಿ ಮುಂದೆ ಹೋಗೋದಿಲ್ಲ, ಹೊಲಿಗೆ ಒಂದು ದೊಡ್ಡದು ಒಂದು ಸಣ್ಣದು ಬೀಳುತ್ತದೆ. ಕೂತವರು ಬಟ್ಟೆ ಎಳೆಯುತ್ತಾರೆ, ಸೂಜಿ ಬಾಗಿ ಪ್ಲೇಟ್‌ಗೆ ಬಡಿದು ಮುರಿಯುತ್ತದೆ. ಬೈಸಿಕೊಳ್ಳೋದು ಮಾತ್ರ ಸೂಜಿ! ಪ್ಲೇಟಿನ ಕೆಳಗೆ, ಮೇಲಿನ ನೂಲನ್ನು ಅಡಿ ನೂಲಿಗೆ ಸುತ್ತಿಸುವ ಶಟಲ್ ಹತ್ತಿರ ಎರಡು ಕ್ಲಿಪ್ ಇವೆ. ಸೂಜಿ ಮೇಲಕ್ಕೆತ್ತಿ ಅವನ್ನು ಹೊರಕ್ಕೆ ತಿರುಗಿಸಿದರೆ ರಿಂಗು, ಶಟಲ್ ಎರಡೂ ಅಂಗೈಗೆ ಬರುತ್ತವೆ. ತುಂಡಾದ ನೂಲು ಸಿಕ್ಕಿಕೊಂಡಿರೋದು ಹೆಚ್ಚಾಗಿ ಅಲ್ಲೇ.

ಎಣ್ಣೆ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಹೊಲಿಗೆ ಮಷೀನಿನ ತಿಳಿ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಬಿಟ್ಟರೆ ಚಳಿಗೆ ಗಟ್ಟಿಯಾಗುತ್ತದೆ, ಬರಬರುತ್ತಾ ಅಂಟಾಗಿ ಚಕ್ರವೇ ಭಾರ ಆಗುತ್ತದೆ. ಒಂದು ತೂತಿಗೆ ಒಂದು ಹನಿ ಸಾಕು. ಆಮೇಲೆ ಚಿಂದಿ ಬಟ್ಟೆ ಮೇಲೆ ಸ್ವಲ್ಪ ಹೊತ್ತು ಓಡಿಸಲೇಬೇಕು. ಇಲ್ಲದಿದ್ದರೆ ಕಲೆ ಆಗೋದು ಮುಂದೆ ಕೂರುವವರ ಬಟ್ಟೆಗೆ, ಅದೂ ಗಿರಾಕಿಯ ಬಟ್ಟೆಗೆ.

ಜಗಳ ಜಾಸ್ತಿ ಆಗುತ್ತಿದ್ದದ್ದು ಟೆನ್ಷನ್, ಅಂದರೆ ನೂಲಿನ ಬಿಗಿಯ ವಿಷಯಕ್ಕೆ. ಬಟ್ಟೆಯ ಅಡಿಯಲ್ಲಿ ನೂಲು ಗುಂಗುರಾದರೆ ಎಲ್ಲರ ಕೈ ಅಡಿ ನೂಲಿನ ಉಂಡೆ ಕೂರುವ ಬಾಬಿನ್ ಕೇಸಿನ ಸ್ಕ್ರೂಗೆ ಹೋಗುತ್ತದೆ. ಆದರೆ ಅಡಿಯಲ್ಲಿ ಗುಂಗುರು ಬಂದರೆ ನೋಡಬೇಕಾದ್ದು ಮೇಲಿನ ನೂಲನ್ನು. ಬಟ್ಟೆ ಒತ್ತಿಹಿಡಿಯುವ ಮಷೀನಿನ ಪಾದ ಕೆಳಗಿಟ್ಟು ನೂಲು ಪೋಣಿಸಿದರೆ ಅದು ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರೋದಿಲ್ಲ. ಪಾದ ಎತ್ತಿ ಮತ್ತೆ ಪೋಣಿಸಿ ನೋಡಿ. ಈಗ ನಮ್ಮಲ್ಲಿ ಪ್ರತಿಯೊಬ್ಬರಿಗೂ ಅವರದೇ ಬಾಬಿನ್ ಕೇಸು. ಗುರುತಿಗೆ ನೇಲ್ ಪಾಲಿಶ್ ಚುಕ್ಕೆ, ಒಬ್ಬೊಬ್ಬರದು ಒಂದೊಂದು ಬಣ್ಣ. ಹೊಲಿದಾದ ಮೇಲೆ ಕೇಸು ಅವರ ಜೊತೆಗೇ ಮನೆಗೆ ಹೋಗುತ್ತದೆ. ಇದೊಂದರಿಂದ ರಿಪೇರಿ ಕರೆಯೋದು ಎಷ್ಟು ಕಡಿಮೆ ಆಯ್ತು ಗೊತ್ತಾ!

ನಮ್ಮ ಕಡೆಯ ಮಳೆಗಾಲ ಕಬ್ಬಿಣಕ್ಕೆ ಆಗಿಬರೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಎದ್ದು ಹೋಗುವವರು ಎಣ್ಣೆ ಬಟ್ಟೆಯಲ್ಲಿ ಪ್ಲೇಟ್, ಚಕ್ರ ಒರೆಸಿ, ಪಾದದ ಕೆಳಗೆ ಒಂದು ಚಿಂದಿ ಇಟ್ಟು ಹೋಗಬೇಕು. ಚರ್ಮದ ಬೆಲ್ಟಿಗೆ ಮಾತ್ರ ಎಣ್ಣೆ ತಾಗಬಾರದು, ಜಾರುತ್ತದೆ. ಥಂಡಿಗೆ ಅದು ಸಡಿಲ ಆದರೆ ಕೊಕ್ಕೆ ಬಿಚ್ಚಿ, ಸ್ವಲ್ಪ ಕತ್ತರಿಸಿ, ಹೊಸ ತೂತು ಚುಚ್ಚಿ ಸಿಕ್ಕಿಸಿದರೆ ಆಯ್ತು. ಆಯುಧಪೂಜೆ ದಿನ ಕುಂಕುಮವನ್ನು ಸೂಜಿಯ ಕಡೆ ಹಚ್ಚದೆ ಸ್ಟ್ಯಾಂಡಿಗೆ ಹಚ್ಚಿ. ನೂಲಿನ ದಾರಿಗೆ ಬಿದ್ದರೆ ಬಿಳಿ ಬಟ್ಟೆಗೆ ಕೆಂಪು ಹಿಡಿಯುತ್ತದೆ.

ಜೂಕಿ ಬಗ್ಗೆ ನನಗೆ ತುಂಬಾ ಗೌರವ. ನಿಮಿಷಕ್ಕೆ 5,500 ಹೊಲಿಗೆವರೆಗೆ ಓಡುವ ಮಷೀನು ಅದು, ಸ್ಕೂಲ್ ಯೂನಿಫಾರಂ ಆರ್ಡರ್ ಬಂದಾಗ ಅದೇ ಗತಿ. ಎಣ್ಣೆಯನ್ನು ತಾನೇ ಮೇಲಕ್ಕೆತ್ತಿಕೊಳ್ಳುತ್ತದೆ. ಆದರೆ ತಲೆಯನ್ನು ಹಿಂದಕ್ಕೆ ಮಲಗಿಸಿ, ಕೆಳಗಿನ ತಟ್ಟೆಯಲ್ಲಿ ಎಣ್ಣೆ ಎರಡು ಗುರುತುಗಳ ನಡುವೆ ಇದೆಯಾ ಅಂತ ನೋಡೋಕೆ ಒಬ್ಬರು ಬೇಕೇ ಬೇಕು. ಓಡುವಾಗ ಮೇಲಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮೋದು ಕಾಣದಿದ್ದರೆ ತಕ್ಷಣ ನಿಲ್ಲಿಸಿ. ಎಲ್ಲರೂ ನೋಡಿಕೊಳ್ಳಲಿ ಅಂತ ಬಿಟ್ಟರೆ ಯಾರೂ ನೋಡೋದಿಲ್ಲ, ಹಾಗಾಗಿ ನಮ್ಮಲ್ಲಿ ತಿಂಗಳಿಗೊಬ್ಬರ ಪಾಳಿ. ಸೂಜಿ ಡಬ್ಬಿಯೂ ಬೇರೆ ಇಡಿ. ಜೂಕಿಯ ಡಿಬಿ×1 ಸೂಜಿಯ ಬುಡ ಗುಂಡು, ಕರಿ ಮಷೀನಿನದು ಒಂದು ಬದಿ ಚಪ್ಪಟೆ.

ದಾನಿಯೊಬ್ಬರು ಕೊಟ್ಟ, ಹತ್ತಾರು ಡಿಸೈನ್ ಹಾಕುವ ಪ್ಲಾಸ್ಟಿಕ್ ಮೈಯ ಮಷೀನೂ ಒಂದಿತ್ತು. ಡಯಲ್ ತಿರುಗಿಸಿದವರೆಷ್ಟೋ ಮಂದಿ. ಕೊನೆಗೆ ಒಳಗಿನ ಗಿಯರ್ ಸವೆಯಿತು. ಬಿಡಿಭಾಗಕ್ಕೆ ಶಿವಮೊಗ್ಗಕ್ಕೆ ಓಡಾಡಿದ್ದೇ ಬಂತು, ಈಗ ಮೂಲೆಯಲ್ಲಿದೆ.

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ ಅಂತ ಕೊಡುವ 15,000 ರೂಪಾಯಿ ವೋಚರ್ ಸಿಕ್ಕವರು ಯಾವುದು ತಗೊಳ್ಳಲಿ ಅಂತ ನನ್ನನ್ನು ಕೇಳುತ್ತಾರೆ. ಮನೆಗಾದರೆ ಕರಿ ಮಷೀನಿಗೇ ಮೋಟರ್ ಹಾಕಿಸಿಕೊಳ್ಳಿ, ಕಾಲಿನ ಸ್ಟ್ಯಾಂಡ್ ಮಾತ್ರ ಬಿಡಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲೋದಿಲ್ಲ. ಸಂಘಕ್ಕಾದರೆ ಮೊದಲು ಕರಿ ಮಷೀನುಗಳು, ಯೂನಿಫಾರಂ ಥರದ ದೊಡ್ಡ ಆರ್ಡರ್ ಖಾಯಂ ಆದ ಮೇಲೆ ಜೂಕಿ. ಮಷೀನಿನ ಜೊತೆಗೇ ಬಾಬಿನ್ ಕೇಸು, 14 ಮತ್ತು 16ನೇ ನಂಬರ್ ಸೂಜಿ, ಒಂದು ಹೆಚ್ಚಿನ ಬೆಲ್ಟು ತಂದಿಟ್ಟುಕೊಳ್ಳಿ.