ಪ್ರಾತ್ಯಕ್ಷಿಕೆ ತಾಕಿಗೆ ಅನುದಾನ: ಮಂಜೂರಾತಿ ಪತ್ರ ಬರುವ ಮುಂಚೆ ಕೈಯಿಂದ ದುಡ್ಡು ಹಾಕಬೇಡಿ

ಹೊಲದಲ್ಲಿ ಪ್ರಾತ್ಯಕ್ಷಿಕೆ ಮಾಡಿ ತೋರಿಸಲು ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುತ್ತಿದ್ದೀರಾ? ಹಾಗಿದ್ದರೆ ಮೊದಲು ಇದನ್ನು ಓದಿ. ನಮ್ಮ ರೈತರ ಗುಂಪಿಗೆ ಯೋಜನೆ ಮಂಜೂರಾಯಿತು, ಹೊಲದ ಕೆಲಸವೂ ಚೆನ್ನಾಗಿ ನಡೆಯಿತು. ಆದರೂ ಖರ್ಚಿನ ದೊಡ್ಡ ಪಾಲು ನಮ್ಮ ತಲೆ ಮೇಲೆಯೇ ಉಳಿದಿದೆ. ಕೊನೆಯ ಕಂತು ಇನ್ನೂ ಬಂದಿಲ್ಲ.

ನಾವು ತೋರಿಸಲು ಹೊರಟಿದ್ದು ಇಷ್ಟೇ. ಎರಡು ಬೆಳೆಗಳ ನಡುವೆ ಹೊಲ ಖಾಲಿ ಬಿಡುವ ಬದಲು ಹೊದಿಕೆ ಬೆಳೆ ಹಾಕಿ, ಜೊತೆಗೆ ಕಾಂಪೋಸ್ಟ್ ಕೊಟ್ಟರೆ ಮಣ್ಣು ಹೇಗೆ ಬದಲಾಗುತ್ತದೆ ಅನ್ನುವುದು. ಆಯ್ಕೆ ಪಟ್ಟಿಯಲ್ಲಿ ನಮ್ಮ ಹೆಸರು ಬಂತು. ಮಂಜೂರಾತಿ ಪತ್ರ ಮಾತ್ರ ಬರಲಿಲ್ಲ. ಇತ್ತ ಬಿತ್ತನೆಯ ಹದ ಕೈತಪ್ಪುತ್ತಿತ್ತು. ಕಚೇರಿಯಲ್ಲಿ ಕೇಳಿದರೆ, "ಪಟ್ಟಿಯಲ್ಲಿ ಹೆಸರಿದೆಯಲ್ಲ, ಪತ್ರ ಇವತ್ತಲ್ಲ ನಾಳೆ ಬರುತ್ತೆ, ನೀವು ಶುರು ಮಾಡಿ" ಅಂದರು. ಅಧಿಕಾರಿಯ ಮಾತು ನಂಬಿ ಬೀಜ ತಂದೆವು, ಕಾಂಪೋಸ್ಟ್ ತರಿಸಿದೆವು, ಬಿತ್ತಿದೆವು.

ಕೊನೆಗೂ ಮಂಜೂರಾತಿ ಪತ್ರ ಬಂದ ಮೇಲೆ ಬಿಲ್ಲುಗಳನ್ನು ಕೊಡಲು ಹೋದಾಗ ಗುಮಾಸ್ತರು ಒಂದೊಂದನ್ನೇ ಬಿಡಿಸಿ ದಿನಾಂಕ ನೋಡಿದರು. ಮೊತ್ತ ನೋಡಲಿಲ್ಲ, ಅಂಗಡಿಯ ಹೆಸರನ್ನೂ ನೋಡಲಿಲ್ಲ. ಪತ್ರದ ದಿನಾಂಕಕ್ಕಿಂತ ಹಿಂದಿನ ಬಿಲ್ಲುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಉಳಿದವುಗಳಿಗೆ ಮಾತ್ರ ಪಿನ್ ಹಾಕಿದರು. ಬೀಜ, ಕಾಂಪೋಸ್ಟ್, ಉಳುಮೆ ಬಾಡಿಗೆ ಎಲ್ಲವೂ ಆ ಪಕ್ಕದ ಕಟ್ಟಿನಲ್ಲೇ ಇದ್ದವು. ಶುರು ಮಾಡಿ ಅಂದಿದ್ದ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿದ್ದರು. ಹೊಸಬರು "ಬರಹದಲ್ಲಿ ಏನಾದರೂ ಇದೆಯಾ?" ಅಂತ ಕೇಳಿದರು. ಇರಲಿಲ್ಲ.

ಮಂಜೂರಾತಿಗೆ ಮುಂಚಿನ ಖರ್ಚನ್ನು ಒಪ್ಪದಿರುವುದು ಇಂಥ ಅನುದಾನಗಳಲ್ಲಿ ಸಾಮಾನ್ಯ ನಿಯಮ. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಅದು ಗೊತ್ತಿದ್ದವರೇ ರೈತರಿಗೆ ಶುರು ಮಾಡಿ ಅನ್ನುತ್ತಾರಲ್ಲ, ಅದೇ ತಪ್ಪು. ಕಾಗದ ಯಾವಾಗ ಬೇಕಾದರೂ ಬರಬಹುದು, ಬಿತ್ತನೆ ಹಾಗೆ ಕಾಯುವುದಿಲ್ಲ. ನಿಮಗೂ ಹೀಗಾದರೆ ಕಚೇರಿಗೆ ಪತ್ರ ಬರೆದು ಎರಡರಲ್ಲಿ ಒಂದನ್ನು ಕೇಳಿ: ಈಗಲೇ ಖರ್ಚು ಮಾಡಲು ಲಿಖಿತ ಅನುಮತಿ, ಇಲ್ಲವೇ ಯೋಜನೆಯನ್ನು ಮುಂದಿನ ಹಂಗಾಮಿಗೆ ಹಾಕುವ ಅವಕಾಶ. ಉತ್ತರ ಬರುವವರೆಗೆ ಏನನ್ನೂ ಖರೀದಿಸಬೇಡಿ.

ಇನ್ನೊಂದು ವಿಷಯ. ಅನುದಾನ ಅಂದರೆ ದುಡ್ಡು ಮೊದಲೇ ಕೈಗೆ ಬರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಯೋಜನೆಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ಲು ಕೊಟ್ಟು ವಾಪಸ್ ಪಡೆಯಬೇಕು. ನಡುವಿನ ಸಾಲ, ಅದರ ಬಡ್ಡಿ ನಿಮ್ಮದೇ. 1903ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟೆರೆಲ್‌ನಲ್ಲಿ ಕೃಷಿ ತಜ್ಞ ಸೀಮನ್ ನ್ಯಾಪ್ ರೈತರೊಬ್ಬರ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿಸಿದಾಗ, ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಿಗಳು ಮೊದಲೇ ಹಣ ಕೂಡಿಸಿಟ್ಟಿದ್ದರು. ನೂರು ವರ್ಷದ ಹಿಂದೆಯೇ ಅಷ್ಟು ಯೋಚಿಸಿದ್ದರು. ಬೆಳೆ ಕೈಕೊಟ್ಟರೆ ಭಾರ ಯಾರದು ಅನ್ನುವುದನ್ನು ನಿಮ್ಮ ಒಪ್ಪಂದದಲ್ಲಿ ಹುಡುಕಿ. ನಮ್ಮದರಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಹೋಲಿಕೆ ತಾಕಿನ ವಿಷಯದಲ್ಲಿ. ಪ್ರಾತ್ಯಕ್ಷಿಕೆಗೆ ಜೀವವೇ ಅದು. ಪಕ್ಕದಲ್ಲಿ ಹಳೆ ಪದ್ಧತಿಯ ಪಟ್ಟೆ ಹಾಗೇ ಇದ್ದರೆ ತಾನೆ ಹೊಸದರ ಫಲ ಕಾಣುವುದು? ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗದಲ್ಲಿ ಒಂದು ಪಟ್ಟೆಗೆ ಅಂದಿನಿಂದ ಇಂದಿನವರೆಗೂ ಗೊಬ್ಬರ ಹಾಕಿಲ್ಲ. ಅದು ಬಡವಾಗಿರುವುದರಿಂದಲೇ ಉಳಿದ ಪಟ್ಟೆಗಳ ಲೆಕ್ಕಕ್ಕೆ ಅರ್ಥ ಬಂದಿದೆ.

ಸುತ್ತಲಿನ ರೈತರನ್ನು ಕರೆದು ಹೊಲ ತೋರಿಸುವ ಕ್ಷೇತ್ರೋತ್ಸವಕ್ಕೆ ಮುಂಚೆ ಹೊಲ ನೋಡಲು ಬಂದ ಹಿರಿಯ ಅಧಿಕಾರಿ ನಮ್ಮ ಹೋಲಿಕೆ ಪಟ್ಟೆಯ ಮುಂದೆ ನಿಂತರು. ಎಲೆಗಳು ಸ್ವಲ್ಪ ಹಳದಿಯಾಗಿದ್ದವು. "ಮೇಲಿನವರು ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಇಲ್ಲಿಗೆ ಸ್ವಲ್ಪ ಯೂರಿಯಾ ಎರಚಿಸಿಬಿಡಿ" ಅಂದರು. ಹೋಲಿಕೆ ಕೆಡುತ್ತದೆ ಸಾರ್ ಅಂತ ಬಿಡಿಸಿ ಹೇಳಿದೆವು. ಎರಡನೇ ಕಂತಿಗೆ ಪರಿಶೀಲನಾ ವರದಿ ಬರೆಯುವವರು ತಾವೇ ಅಂತ ನೆನಪಿಸಿದರು. ಯೂರಿಯಾದಲ್ಲಿ ಶೇ. 46 ಸಾರಜನಕ ಇರುತ್ತದೆ, ಹಳದಿ ಬೆಳೆ ಹಸಿರಾಗಲು ಜಾಸ್ತಿ ದಿನ ಬೇಕಿಲ್ಲ. ಕ್ಷೇತ್ರೋತ್ಸವದ ದಿನ ಹೊಲವೆಲ್ಲ ಒಂದೇ ಹಸಿರು. ನೋಡಲು ಬಂದಿದ್ದ ಹಿರಿಯ ರೈತರೊಬ್ಬರು ಗಡಿ ಕಲ್ಲಿನ ಆಚೆಗೊಂದು ಕಾಲು ಈಚೆಗೊಂದು ಕಾಲು ಇಟ್ಟು, "ಎಲ್ಲಪ್ಪಾ ವ್ಯತ್ಯಾಸ?" ಅಂತ ಕೇಳಿದರು. ಆ ಪ್ರಶ್ನೆಗೆ ಉತ್ತರ ತೋರಿಸಲಿಕ್ಕೇ ಅಲ್ವಾ ನಾವು ಅಷ್ಟೆಲ್ಲ ಕೆಲಸ ಮಾಡಿದ್ದು!

ಅಂತಿಮ ವರದಿಯ ನಮೂನೆಯಲ್ಲಿ ಎರಡು ತಾಕುಗಳ ಇಳುವರಿಗೂ ಅಕ್ಕಪಕ್ಕ ಜಾಗವಿದೆ. ಇದ್ದದ್ದನ್ನು ಇದ್ದ ಹಾಗೆ ತುಂಬಿದೆವು. ವ್ಯತ್ಯಾಸ ಕಡಿಮೆಯಿದೆ, ಉದ್ದೇಶ ಈಡೇರಿಲ್ಲ ಅಂತ ಅದೇ ಕಚೇರಿ ಕಂತು ತಡೆಹಿಡಿದಿದೆ.

ಹಾಗಾಗಿ ಹೋಲಿಕೆ ಪಟ್ಟೆಗೆ ಏನು ಹಾಕಬೇಕು, ಏನು ಹಾಕಬಾರದು ಅನ್ನುವುದನ್ನು ಅರ್ಜಿಯಲ್ಲೇ ಬರೆದು ಮಂಜೂರು ಮಾಡಿಸಿಕೊಳ್ಳಿ. ಯಾರಾದರೂ ಬದಲಾಯಿಸಿ ಅಂದರೆ ಅವರು ಹೋದ ದಿನವೇ "ತಾವು ಸೂಚಿಸಿದಂತೆ" ಅಂತ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಆ ಪತ್ರ ಕೊಟ್ಟರೆ ಎಷ್ಟೋ ಸಲ ಸೂಚನೆಯೇ ವಾಪಸ್ ಹೋಗುತ್ತದೆ.

ಮಣ್ಣಿನ ಸಾವಯವ ಇಂಗಾಲ (ಕೊಳೆತ ಗಿಡ, ಗೊಬ್ಬರದಿಂದ ಮಣ್ಣಿಗೆ ಸೇರುವ ಇಂಗಾಲ) ಇಷ್ಟು ಏರಿಸುತ್ತೇವೆ ಅಂತ ಅರ್ಜಿಯಲ್ಲಿ ಬರೆಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದೆರಡು ಹಂಗಾಮಿನಲ್ಲಿ ಅದು ಅಳತೆಗೆ ಸಿಗುವಷ್ಟು ಏರುವುದು ಕಷ್ಟ. ನೀರು ಇಂಗುವ ವೇಗ, ಕಳೆಯ ಪ್ರಮಾಣ, ಇಳುವರಿ ಇಂಥವನ್ನು ಬರೆಯಿರಿ. ಮಣ್ಣಿನ ಮಾದರಿಯನ್ನು ಕೆಲಸ ಶುರುವಾಗುವ ಮುಂಚೆ ಎರಡೂ ತಾಕುಗಳಿಂದ ತೆಗೆಸಿ. ಕೊನೆಯಲ್ಲೂ ಅದೇ ಆಳದಿಂದ, ವರ್ಷದ ಅದೇ ಸಮಯದಲ್ಲಿ ತೆಗೆಸಿ. ನಿಮ್ಮ ಪಾಲಿನ ವಂತಿಗೆಯಾಗಿ ಮನೆಯವರ ದುಡಿಮೆ ತೋರಿಸುವುದಾದರೆ ಪುಸ್ತಕದಲ್ಲಿ ದಿನದಿನವೂ ಬರೆದು ಸಹಿ ಹಾಕಿಸಿ.

ನಮ್ಮ ಮೇಲ್ಮನವಿ ಈಗ ಕಚೇರಿಯಲ್ಲಿದೆ. ಕಂತು ಕೊಡುವುದಿಲ್ಲ ಅನ್ನುವುದನ್ನು ಮೊದಲು ಬಾಯಿಮಾತಲ್ಲೇ ಹೇಳಿದ್ದರು. ಕಾರಣ ಸಮೇತ ಬರಹದಲ್ಲಿ ಕೊಡಿ ಅಂತ ಪಟ್ಟು ಹಿಡಿದ ಮೇಲೆ ಪತ್ರ ಕೊಟ್ಟರು. ಅದಿಲ್ಲದೆ ಮೇಲ್ಮನವಿ ಹಾಕಲು ಆಧಾರವೇ ಇರುತ್ತಿರಲಿಲ್ಲ. ಯೂರಿಯಾ ಹಾಕುವ ಮುಂಚಿನ ದಿನಗಳಲ್ಲಿ ತೆಗೆದ ಫೋಟೊಗಳನ್ನು ಅದಕ್ಕೆ ಲಗತ್ತಿಸಿದ್ದೇವೆ. ನಿಮ್ಮಲ್ಲಿ ಯಾರಾದರೂ ಇಂಥ ಮೇಲ್ಮನವಿ ಗೆದ್ದಿದ್ದರೆ, ಯಾವ ದಾಖಲೆ ಕೈಹಿಡಿಯಿತು ಅಂತ ದಯವಿಟ್ಟು ತಿಳಿಸಿ.